ಪೋಲೆಂಡಿಗೆ ಹೋಗಿ ಭಾರವಾದ ಒಣದ್ರಾಕ್ಷಿ

ಪತ್ರಿಕೆಯಲ್ಲಿ ಎರಡು ದೇಶಗಳ ಮಂತ್ರಿಗಳು ಕೈ ಕುಲುಕುತ್ತಿರುವ ಫೋಟೊ ಬರುತ್ತದಲ್ಲ, ಹಿಂದೆ ಎರಡು ಬಾವುಟ, ಮುಂದೆ ಯಾರೂ ಕುಡಿಯದ ನೀರಿನ ಬಾಟಲಿ, ಕೆಳಗೆ ‘ದ್ವಿಪಕ್ಷೀಯ ವ್ಯಾಪಾರ ವೃದ್ಧಿಗೆ ಸಮ್ಮತಿ’ ಎಂಬ ಸಾಲು, ಆ ಪುಟವನ್ನು ನಾನು ಬಹಳ ವರ್ಷ ಅಡುಗೆಮನೆಯ ಹಲಗೆಗೆ ಹಾಸಲು ಬಳಸಿದವಳು. ಎಣ್ಣೆ ಡಬ್ಬಿಯ ಕೆಳಗೆ ಎಷ್ಟೋ ಮಂತ್ರಿಗಳು ಕೈ ಕುಲುಕುತ್ತಲೇ ಜಿಡ್ಡಾಗಿ ಹೋದರು. ಈಗ ಹಾಗಲ್ಲ. ಈಗ ಆ ಪುಟವನ್ನು ಮೊದಲು ಓದುತ್ತೇನೆ, ಓದಿ ಮನೆಯವರಿಗೆಲ್ಲ ಕೇಳುವಂತೆ ಇನ್ನೊಮ್ಮೆ ಓದುತ್ತೇನೆ. ಕಾರಣ ಇಷ್ಟೇ: ನಮ್ಮ ದೇಶಕ್ಕೂ ಪೋಲೆಂಡಿಗೂ ನಡೆಯುವ ವ್ಯಾಪಾರದಲ್ಲಿ ಒಂದು ಪಾಲು ನಮ್ಮ ಮನೆಯದು. ಎಷ್ಟು ದೊಡ್ಡ ಪಾಲು ಎಂದು ಮಾತ್ರ ಕೇಳಬೇಡಿ. ಆನೆಯ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಎನ್ನುವಿರಾದರೆ ಎನ್ನಿ. ಮಜ್ಜಿಗೆ ನಮ್ಮದು, ಅಷ್ಟು ಸಾಕು.

ನನ್ನ ತೌರು ನಿಪ್ಪಾಣಿ. ತಂಬಾಕಿನ ಊರಿನಲ್ಲಿ ಸೀನುತ್ತ ಬೆಳೆದ ನಾನು ಮದುವೆಯಾಗಿ ಮಂಗಸೂಳಿ ಹತ್ತಿರದ ಈ ದ್ರಾಕ್ಷಿ ತೋಟಕ್ಕೆ ಬಂದಾಗ ದೊಡ್ಡ ಬಡ್ತಿ ಸಿಕ್ಕಿತೆಂದೇ ತಿಳಿದಿದ್ದೆ. ಚಿಕ್ಕೋಡಿಯ ಕಾಲೇಜಿನಲ್ಲಿ ಬಿ.ಕಾಂ. ಮುಗಿಸಿದ್ದೆ. ಅದರಲ್ಲಿ ‘ಅಂತರರಾಷ್ಟ್ರೀಯ ವ್ಯಾಪಾರ’ ಎಂಬ ಒಂದು ವಿಷಯವೂ ಇತ್ತು, ಗೈಡು ಓದಿ ಪಾಸಾಗಿದ್ದೆ. ಈ ಸಂಗತಿಯನ್ನು ಮದುವೆಯ ಮಾತುಕತೆಯಲ್ಲಿ ನಮ್ಮ ಅಪ್ಪ ಸ್ವಲ್ಪ ಜೋರಾಗಿಯೇ ಹೇಳಿದ್ದರಿಂದ ಈ ಮನೆಯಲ್ಲಿ ವ್ಯಾಪಾರದ ಮಾತು ಬಂದಾಗೆಲ್ಲ ಎಲ್ಲರೂ ನನ್ನ ಮುಖ ನೋಡುವ ಪದ್ಧತಿ ಬೆಳೆದಿದೆ. ನಾನೂ ಏನೋ ಗೊತ್ತಿರುವವಳಂತೆ ಗೋಡೆಯ ಕ್ಯಾಲೆಂಡರ್ ನೋಡುತ್ತೇನೆ. ನಮ್ಮವರು ಮಾತು ಕಡಿಮೆ ಇರುವ ಮನುಷ್ಯ. ದ್ರಾಕ್ಷಿಯ ಬಳ್ಳಿಯೊಂದಿಗೆ ಆಡುವಷ್ಟು ಮಾತನ್ನು ನನ್ನೊಂದಿಗೆ ಆಡಿದ್ದರೆ ನಮ್ಮ ಸಂಸಾರವೂ ಇನ್ನೊಂದಿಷ್ಟು ಚಿಗುರುತ್ತಿತ್ತು ಎಂದು ನಾನು ಆಗಾಗ ಅಂದುಕೊಳ್ಳುವುದುಂಟು.

ನಮ್ಮ ಕಡೆ ದ್ರಾಕ್ಷಿಯನ್ನು ಹಸಿಯಾಗಿ ಮಾರುವವರಿಗಿಂತ ಒಣಗಿಸಿ ಮಾರುವವರು ಹೆಚ್ಚು. ತೋಟದ ಪಕ್ಕ ಶೆಡ್ಡು ಹಾಕಿ, ಅದರೊಳಗೆ ಒಂದರ ಮೇಲೊಂದು ಬಲೆ ಕಟ್ಟಿ, ಹಣ್ಣನ್ನು ಅದರ ಮೇಲೆ ಹರಡಿದರೆ ಚೈತ್ರದ ಬಿಸಿಗಾಳಿ ತನ್ನ ಕೆಲಸ ತಾನು ಮಾಡುತ್ತದೆ. ಹೀಗೆ ಒಣಗಿದ ದ್ರಾಕ್ಷಿ ಊರಿನ ಬಾಯಲ್ಲಿ ಮಣೂಕ. ಆರಿಸಿ, ತೂಗಿ, ಸಾಂಗಲಿಯ ಮಾರುಕಟ್ಟೆಗೆ ಹಾಕಿ ಬಂದರೆ ಅಲ್ಲಿಂದ ಮುಂದೆ ಅದು ಯಾರ ಪಾಯಸಕ್ಕೆ ಹೋಯಿತು, ಯಾರ ಲಾಡಿನ ತಲೆಯ ಮೇಲೆ ಕೂತಿತು ನಮಗೆ ತಿಳಿಯುತ್ತಿರಲಿಲ್ಲ. ಹೀಗಿರುವಾಗ ಮಿರಜದ ಏಜೆಂಟ್ ಭರಮಣ್ಣ ಒಂದು ದಿನ ಬೈಕಿನಲ್ಲಿ ಧೂಳೆಬ್ಬಿಸಿಕೊಂಡು ಬಂದು, ಚಹಾಕ್ಕೂ ಕಾಯದೆ, “ವೈನಿ, ನಿಮ್ಮ ಮಾಲ ಪೋಲಂಡಕ್ಕ ಹೊಂಟೈತ್ರಿ” ಎಂದ. ಅಲ್ಲಿ ಬೇಕರಿಗಳಿಗೆ ಸಾಮಾನು ಒದಗಿಸುವ ಪಾವೆಲ್ ಎಂಬವರಿಗೆ ನಮ್ಮ ಶೆಡ್ಡಿನ ಮಾದರಿ ಹಿಡಿಸಿತ್ತಂತೆ. ನಮ್ಮ ಮಣೂಕ ಅವರ ಬನ್ನಿನೊಳಗೆ ಹೋಗಲಿತ್ತು. ನಡುವೆ ಯಾರ ಹೆಸರೂ ಇಲ್ಲ, ಡಬ್ಬಿಯ ಮೇಲೆ ನಮ್ಮ ತೋಟದ ಹೆಸರೇ. ಆ ದಿನ ನಾನು ಪೋಲೆಂಡ್ ಎಲ್ಲಿದೆ ಎಂದು ಮೊಬೈಲಿನಲ್ಲಿ ಹುಡುಕಿ ನೋಡಿದೆ, ಆಮೇಲೆ ಮೊದಲಿನಿಂದಲೂ ಗೊತ್ತಿದ್ದವಳಂತೆ ಎಲ್ಲರಿಗೂ ತೋರಿಸಿದೆ.

ಪ್ಯಾಕಿಂಗಿನ ವ್ಯವಸ್ಥೆ ಪೂರಾ ನನ್ನದು. ಹೆಂಗಸರು ಆರಿಸಿ ಕೊಡಬೇಕು, ನಮ್ಮವರು ಕಾಟಾದ ಮೇಲೆ ಹತ್ತು ಕಿಲೋ ತೂಗಿ ಡಬ್ಬಿಗೆ ಸುರಿಯಬೇಕು, ಕೊನೆಯಲ್ಲಿ ನಾನು ಟೇಪು ಹಚ್ಚಬೇಕು. ನಮ್ಮ ಅತ್ತೆಯವರಿಗೆ ವಯಸ್ಸಾಗಿದೆ, ಆದರೆ ಮನೆಯಲ್ಲಿ ಕೂರು ಎಂದರೆ ಅವರಿಗೆ ಅವಮಾನ. ಅದಕ್ಕೆ ನಾನು ಬಹಳ ಯೋಚಿಸಿ, ತಪ್ಪಾಗಲು ಸಾಧ್ಯವೇ ಇಲ್ಲದ ಒಂದು ಕೆಲಸವನ್ನು ಅವರಿಗೆ ಕೊಟ್ಟೆ. ಕಾಟಾದ ನಂತರ, ಟೇಪಿಗಿಂತ ಮೊದಲು, ಸ್ಟೂಲಿನ ಮೇಲೆ ಕುಳಿತು ಡಬ್ಬಿಯೊಳಗಿನ ಪ್ಲಾಸ್ಟಿಕ್ ಹಾಳೆಯನ್ನು ಮಣೂಕದ ಮೇಲೆ ಮಡಚುವುದು. ಅಷ್ಟೇ. ಈ ಜಾಣತನಕ್ಕೆ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡಿದ್ದೆ.

ಕೆಲಸ ಮಾಡುತ್ತ ಮಾತು ಬೇಕಲ್ಲ. ಅತ್ತೆಯವರು ಪೋಲೆಂಡಿನ ಬಗ್ಗೆ ಒಂದೇ ಪ್ರಶ್ನೆ ಕೇಳಿದರು: “ಅಲ್ಲಿ ಹೊತ್ತ ಎಷ್ಟಕ್ಕ ಮುಳಗತೈತಿ?” ನಮ್ಮದು ಜೈನರ ಮನೆ. ಹೊತ್ತು ಮುಳುಗುವುದರೊಳಗೆ ಊಟ ಮುಗಿಯಲೇಬೇಕು, ಅತ್ತೆಯವರು ಈ ವಿಷಯದಲ್ಲಿ ಸೂರ್ಯನಿಗೂ ಒಂದು ನಿಮಿಷ ಸಾಲ ಕೊಟ್ಟವರಲ್ಲ. ಯಾವ ದೇಶವನ್ನಾದರೂ ಅವರು ಅಳೆಯುವುದು ಅಲ್ಲಿಯ ಸೂರ್ಯಾಸ್ತದಿಂದ. ನಾನು ಮೊಬೈಲ್ ನೋಡಿ, ಬೇಸಿಗೆಯಲ್ಲಿ ಒಂಬತ್ತು ಗಂಟೆಗೆ ಎಂದೆ. “ಪುಣ್ಯವಂತರು. ಒಂಬತ್ತರ ತನಕ ಉಣಬೋದು” ಎಂದರು. ಚಳಿಗಾಲದಲ್ಲಿ ಮೂರೂವರೆಗೇ ಕತ್ತಲಾಗುತ್ತದೆ ಎಂದೆ. ಅವರ ಕೈ ಪ್ಲಾಸ್ಟಿಕ್ಕಿನ ಮೇಲೆ ನಿಂತಿತು. “ಮೂರೂವರಿಗೇ? ಹಂಗಾರ ಮಧ್ಯಾಹ್ನದ ಊಟಾನೂ ರಾತ್ರಿ ಊಟಾನೂ ಕೂಡೇ ಮುಗಸಬೇಕಲ್ಲೇ ಯವ್ವಾ, ಪಾಪ!” ಎಂದರು. ಅವರೆಲ್ಲ ನಮ್ಮಂತಲ್ಲ, ರಾತ್ರಿಯೂ ಊಟ ಮಾಡುತ್ತಾರೆ ಎಂದು ಹೇಳಬೇಕೆಂದುಕೊಂಡೆ. ಅಷ್ಟರಲ್ಲಿ ಟೇಪು ಬೆರಳಿಗೆ ಅಂಟಿಕೊಂಡಿತು, ಮಾತು ಅಲ್ಲೇ ಉಳಿಯಿತು.

ಮಾಲು ಹೋಯಿತು. ಲಾರಿಗೆ ಕುಂಕುಮ ಹಚ್ಚಿ ಕಾಯಿ ಒಡೆದೆವು. ಕಾಗವಾಡದ ಬಸ್ ಸ್ಟ್ಯಾಂಡಿನಲ್ಲಿ ಪರಿಚಯದವರು ಸಿಕ್ಕಿ “ಹೆಂಗ ನಡದೈತ್ರಿ?” ಎಂದು ಸಹಜವಾಗಿ ಕೇಳಿದರೂ ನಾನು, “ಏನ್ ನಡಿಯೂದ್ರಿ, ಬರೇ ಎಕ್ಸ್‌ಪೋರ್ಟಿನ ಗಡಿಬಿಡಿ” ಎಂದು ನಿಟ್ಟುಸಿರು ಬಿಡುತ್ತಿದ್ದೆ. ಹಡಗು ಎಲ್ಲಿಗೆ ಬಂತೆಂದು ಮೊಬೈಲಿನಲ್ಲಿ ನೋಡುವುದು ಒಂದು ಚಟವಾಯಿತು. ಮೊದಲ ಸಲ ಮಗಳನ್ನು ಗಂಡನ ಮನೆಗೆ ಕಳಿಸಿದವರೂ ಅಷ್ಟು ಸಲ ವಿಚಾರಿಸುವುದಿಲ್ಲ.

ಆಮೇಲೆ ಒಂದು ಬೆಳಿಗ್ಗೆ ಭರಮಣ್ಣನ ಫೋನು. “ವೈನಿ, ಮಾಲ ತಡದಾರ್ರಿ. ಡಬ್ಬಿ ಭಾರ ಬಂದಾವಂತ.”

“ಭಾರ ಬಂದ್ರ ಚಲೋನ ಆತಲ್ರಿ. ಹಗರ ಬಂದಿದ್ರ ಜಗಳಾ” ಎಂದೆ ನಾನು.

“ಹಂಗಲ್ರಿ ವೈನಿ. ಯಾವ ವ್ಯಾಪಾರಿ ಪುಕ್ಕಟ ಹೆಚ್ಚ ತುಂಬಿ ಕಳಸ್ತಾನ್ರಿ? ಹೆಚ್ಚ ಆಗಿದ್ದು ಮಣೂಕ ಅಲ್ಲ, ನೀರು ಅಂತ ಅವರ ಲೆಕ್ಕ. ಹಸೀ ಮಾಲ ಕಳಿಸ್ಯಾರ, ಬೂಸ್ಟ ಹಿಡಿತೈತಿ ಅಂತ ಸಂಶೆ ಬಂದೈತಿ. ಕಾರಣಾ ಹೇಳಲಿಲ್ಲಂದ್ರ ಮಾಲ ಹೊಳ್ಳಿ ಕಳಸ್ತಾರಂತ.”

ಹೊರಗಿನವರಿಗೆ ಇದು ಸಣ್ಣ ಮಾತು ಎನ್ನಿಸಬಹುದು. ನಮ್ಮ ಕಡೆ ಒಬ್ಬನ ಮಣೂಕದಲ್ಲಿ ನೀರಿದೆ ಎನ್ನುವುದು ಅವನ ಮಾತಿನಲ್ಲಿ ನೀರಿದೆ ಎಂದ ಹಾಗೆಯೇ. ನಮ್ಮವರು ಸುದ್ದಿ ಕೇಳಿ ಶೆಡ್ಡಿನ ಬಾಗಿಲಲ್ಲಿ ಖಾಲಿ ಬಲೆಗಳನ್ನು ನೋಡುತ್ತ ನಿಂತರು. “ಮುತ್ತ್ಯಾನ ಕಾಲದಿಂದ ನಮ್ಮ ಮಾಲಿಗೆ ಯಾರೂ ನೀರ ಅಂದಿಲ್ಲ” ಎಂದರು. ಅವರು ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಆ ಹೊತ್ತು ಅವರು ಊಟಕ್ಕೆ ಬರಲಿಲ್ಲ. ಮಾಲು ವಾಪಸು ಬಂದರೆ ಮಾರಬಹುದು, ಹೋದ ಹೆಸರನ್ನು ಯಾವ ಪೇಟೆಯಲ್ಲಿ ಕೊಂಡು ತರುವುದು?

ಎಲ್ಲರೂ ಪದ್ಧತಿಯಂತೆ ನನ್ನ ಮುಖ ನೋಡಿದರು. ನಾನು ತನಿಖೆಗೆ ಇಳಿದೆ. ಮೊದಲು ಕಾಟಾದ ಮೇಲೆ ಸಂಶಯಪಟ್ಟೆ. ಅಂಗಡಿಯಿಂದ ಕಬ್ಬಿಣದ ತೂಕದ ಕಲ್ಲು ತರಿಸಿ ಇಟ್ಟೆ, ಕಾಟಾ ಹರಿಶ್ಚಂದ್ರನಂತೆ ಸತ್ಯವನ್ನೇ ಹೇಳಿತು. ಆಮೇಲೆ ಸಮುದ್ರದ ಮೇಲೆ ಸಂಶಯ ಬಂತು. ಅಷ್ಟು ದಿನ ನೀರಿನ ಮೇಲೆ ಹೋದ ಮಾಲು ಗಾಳಿಯಿಂದ ತೇವ ಕುಡಿದಿರಬೇಕು ಎಂಬ ಸಿದ್ಧಾಂತವನ್ನು ಮಂಡಿಸಿದೆ. ಅಷ್ಟರಲ್ಲಿ ಬೈಕಿನಲ್ಲಿ ಬಂದು ಮುಟ್ಟಿದ್ದ ಭರಮಣ್ಣ ಇಲ್ಲವೆಂದು ತಲೆಯಾಡಿಸಿದ. ಅದೇ ಹಡಗಿನಲ್ಲಿ ಹೋದ ಬೇರೆಯವರ ಮಾಲು ಸರಿಯಾಗಿತ್ತಂತೆ. ಕೊನೆಗೆ ಪೋಲೆಂಡಿನಲ್ಲಿ ಭೂಮಿಯ ಸೆಳೆತವೇ ಹೆಚ್ಚಿರಬಹುದೇ ಎಂದು ಕೇಳಿದೆ. ನಮ್ಮವರು ಒಮ್ಮೆ ನನ್ನ ಕಡೆ ನೋಡಿ ಮತ್ತೆ ಬಲೆ ನೋಡತೊಡಗಿದರು.

ಅತ್ತೆಯವರು ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದರು. ಮೊರದಿಂದ ತಲೆ ಎತ್ತದೆ, “ಅದಕ್ಯಾಕ ಇಷ್ಟ ಗದ್ದಲಾ ಹಾಕ್ಕೊಂಡ ಕುಂತೀರಿ? ಅದು ಕೊಸರು” ಎಂದರು.

ಮೂರೂ ಜನ ಅವರ ಕಡೆ ತಿರುಗಿದೆವು. “ಏನಂದಿ ಆಯಿ?” ಎಂದರು ನಮ್ಮವರು.

“ಕೊಸರು ಹಾಕೇನಿ. ಡಬ್ಬಿಗೆ ಒಂದ ಹಿಡಿ. ಅಷ್ಟ ದೂರದ ಮಂದಿ ಮೊದಲನೇ ಸಲ ನಮ್ಮ ಮಾಲ ತಗೊಂಡಾರ, ಬರೇ ತೂಕದಷ್ಟ ಕೊಟ್ಟ ಕಳಸೂದ? ಮೊದಲ ಅಲ್ಲಿ ಹೊತ್ತ ಮೂರೂವರಿಗೇ ಮುಳಗತೈತಿ. ಹೊತ್ತಿರೂದ್ರಾಗ ನಾಕ ಕಾಳ ಹೆಚ್ಚ ತಿನ್ನಲಿ ಅಂತ ಹಾಕೇನಿ.”

“ಅಷ್ಟೂ ಡಬ್ಬಿಗೆ ಹಾಕೀರೇನ್ರಿ ಅತ್ಯಾರ?” ಎಂದೆ ನಾನು.

“ಒಂದಕ್ಕ ಹಾಕಿ ಒಂದಕ್ಕ ಬಿಟ್ರ ಪಂಕ್ತಿಭೇದ ಆಗೂದಿಲ್ಲೇನ?”

ಭರಮಣ್ಣ ತಲೆಯ ಮೇಲೆ ಕೈ ಇಟ್ಟುಕೊಂಡು, “ಕಾಕೂ, ಹಾಕೂದ ಹಾಕಿದ್ರಿ, ಕಾಟಾದ ಮ್ಯಾಲ ಇದ್ದಾಗರ ಹಾಕಬಾರದಿತ್ತೇನ್ರಿ? ತೂಕದಾಗ ಬರತಿತ್ತು” ಎಂದ. ಅತ್ತೆಯವರು ಮೊರ ಕೆಳಗಿಟ್ಟರು. ಅರಿಯದ ಮಗುವಿಗೆ ಹೇಳುವಂತೆ ಹೇಳಿದರು: “ಏ ಭರಮಾ, ಕಾಟಾದ ಮ್ಯಾಲ ಇರೂತನಕ ಅದು ವ್ಯಾಪಾರ. ಕಾಟಾ ಇಳಿಸಿದ ಮ್ಯಾಲ ಹಾಕೂದು ಕೊಸರು. ತೂಗಿ ಕೊಟ್ರ ಕೊಸರ ಹೆಂಗ ಆದೀತು?” ಮಿರಜದ ಪೇಟೆಯಲ್ಲಿ ಬೆಳೆದ ಭರಮಣ್ಣ ತಲೆಯ ಮೇಲಿನ ಕೈ ಇಳಿಸಿದ. ಅವರ ಮಾತಿನಲ್ಲಿ ತಪ್ಪು ಹುಡುಕಲು ನಮಗೆ ಯಾರಿಗೂ ಆಗಲಿಲ್ಲ. ನಾವೆಲ್ಲ ಕೊಸರು ತಿಂದೇ ಬೆಳೆದವರು. ಕಾಯಿಪಲ್ಲೆಯ ಜೊತೆ ಎರಡು ಎಳೆ ಕೊತ್ತಂಬರಿ ಕೊಡದವಳ ಕಡೆ ಮರುವಾರ ನಾವು ಹೋಗುವುದಿಲ್ಲ. ಆದರೆ ಎರಡು ದೇಶಗಳ ವ್ಯಾಪಾರದ ಒಪ್ಪಂದದಲ್ಲಿ ಕೊಸರಿಗೆ ಕಲಮು ಇಲ್ಲವಲ್ಲ. ಅಲ್ಲದೆ ನಮ್ಮ ಅತ್ತೆಯವರ ಹಿಡಿ ಎಂದರೆ ಸಾಧಾರಣ ಹಿಡಿಯಲ್ಲ. ನನ್ನ ಹಿಡಿಯಾಗಿದ್ದರೆ ಪೋಲೆಂಡಿನವರಿಗೆ ಗೊತ್ತೇ ಆಗುತ್ತಿರಲಿಲ್ಲ. ಅವರದು ಜೀವಮಾನವಿಡೀ ರಾಶಿಯಲ್ಲಿ ಆಡಿದ ಕೈ. ಹರಡಿದರೆ ತಟ್ಟೆ, ಮಡಚಿದರೆ ಬಟ್ಟಲು.

ಇದನ್ನು ಪಾವೆಲ್ ಅವರಿಗೆ ತಿಳಿಸುವ ಕೆಲಸ ನನ್ನ ಕೊರಳಿಗೆ ಬಿತ್ತು. ವಿಡಿಯೊ ಕಾಲ್ ಬಂದದ್ದು ಸಂಜೆ, ಮನೆಯಲ್ಲಿ ಊಟ ಮುಗಿಸುವ ಗಡಿಬಿಡಿಯ ಹೊತ್ತಿಗೆ. ಅಲ್ಲಿ ಇನ್ನೂ ಮಧ್ಯಾಹ್ನ. ಕನ್ನಡಕದ, ಸಣ್ಣ ಗಡ್ಡದ, ಗಂಭೀರ ಮನುಷ್ಯ. ಅವರ ಇಂಗ್ಲಿಷ್ ನನಗೆ ಪರದೇಶ, ನನ್ನ ಇಂಗ್ಲಿಷ್ ಅವರಿಗೆ ಪರದೇಶ. ನಾನು ‘ಎಕ್ಸ್‌ಟ್ರಾ’ ಎಂದೆ. ಅವರು ‘ಮಿಸ್ಟೇಕ್?’ ಎಂದರು. ‘ನೋ ಮಿಸ್ಟೇಕ್’ ಎಂದೆ. ಹಾಗಾದರೆ ಇದಕ್ಕೆ ಬೇರೆ ಬಿಲ್ಲು ಬರುತ್ತದೆಯೇ ಎಂದು ಕೇಳಿದರು. ಇಲ್ಲ ಎಂದೆ. ‘ಗಿಫ್ಟ್?’ ಎಂದರು. ಹೌದು ಎನ್ನಬೇಕೆನ್ನುವಷ್ಟರಲ್ಲಿ ಭರಮಣ್ಣ ಹಿಂದಿನಿಂದ ನನ್ನ ಸೆರಗು ಜಗ್ಗಿ, “ವೈನಿ, ಗಿಫ್ಟ್ ಅನಬ್ಯಾಡ್ರಿ, ಅದಕ್ಕ ಬ್ಯಾರೇ ಟ್ಯಾಕ್ಸ್ ಐತಿ” ಎಂದು ಪಿಸುಗುಟ್ಟಿದ. ಎಕ್ಸ್‌ಟ್ರಾ ಅಲ್ಲ, ಮಿಸ್ಟೇಕ್ ಅಲ್ಲ, ಗಿಫ್ಟ್ ಅಲ್ಲ. ಕೊಸರು ಏನಲ್ಲ ಎಂದು ಹೇಳುತ್ತ ಹೋಗಬಹುದಿತ್ತು, ಏನು ಎಂದು ಹೇಳಲು ಬರಲಿಲ್ಲ. ಗೈಡಿನಲ್ಲಿ ಈ ಪ್ರಶ್ನೆ ಇರಲಿಲ್ಲ.

ಅತ್ತೆಯವರಿಗೆ ತಾಳ್ಮೆ ತಪ್ಪಿತು. “ಸರಿ ಆಕಡೆ” ಎಂದು ನನ್ನನ್ನು ಪಕ್ಕಕ್ಕೆ ಸರಿಸಿ ಕಾಟಾ ತರಿಸಿದರು. ಅದರ ಮೇಲೆ ಡಬ್ಬಿ ಇಟ್ಟು ಮಾರದೆ ಉಳಿದಿದ್ದ ಮಣೂಕ ಸುರಿದು ತೂಕ ಸರಿಮಾಡಿದರು, ಪಾವೆಲ್ ಅವರಿಗೆ ಕಾಣುವಂತೆ ಅಂಕಿ ತೋರಿಸಿದರು. ಡಬ್ಬಿಯನ್ನು ಕೆಳಗಿಳಿಸಿದರು. ಆಮೇಲೆ ರಾಶಿಗೆ ಕೈ ಹಾಕಿ ತುಂಬು ಹಿಡಿ ಎತ್ತಿ ಡಬ್ಬಿಗೆ ಸುರಿದು, ಕೈ ಝಾಡಿಸಿ, ನಕ್ಕರು. ಪಾವೆಲ್ ಕನ್ನಡಕ ಸರಿಮಾಡಿಕೊಂಡರು. ಇನ್ನೊಮ್ಮೆ ತೋರಿಸಿ ಎಂದರು. ಅತ್ತೆಯವರು ಇನ್ನೊಮ್ಮೆ ತೋರಿಸಿದರು. ಆ ಗಂಭೀರ ಮನುಷ್ಯ ತನ್ನ ಕೈಯನ್ನು ಪರದೆಯ ಮುಂದೆ ಎತ್ತಿ, ಮಡಚಿ, ಬಿಚ್ಚಿ, ಅಳತೆ ನೋಡಿಕೊಂಡರು. “ಕೈ ದೊಡ್ಡದೈತಿ, ಆದ್ರ ಕೊಸರ ಹಾಕಿ ರೂಢಿ ಇಲ್ಲ” ಎಂದರು ಅತ್ತೆಯವರು. ನಾನು ಅದನ್ನು ಅನುವಾದಿಸಲಿಲ್ಲ. ಊಟ ಆಯಿತೇ ಎಂದು ಕೇಳು ಎಂದರು. ಕೇಳಿದೆ. ಮೇಜಿನ ಮೇಲೇ ಒಂದು ಬ್ರೆಡ್ಡು ತಿಂದೆ ಎಂದರು ಅವರು. “ನೋಡ, ನಾ ಹೇಳಲಿಲ್ಲೇನ?” ಎಂದು ಅತ್ತೆಯವರು ನಮ್ಮೆಲ್ಲರನ್ನೂ ಒಂದು ಸುತ್ತು ನೋಡಿದರು. ಪಾವೆಲ್ ಮೊದಲ ಸಲ ನಕ್ಕರು. ನಕ್ಕರೂ ಕಾನೂನು ಬಿಡಲಿಲ್ಲ, ಪರೀಕ್ಷೆ ಮಾಡಿಸಿಯೇ ಹೇಳುತ್ತೇನೆ ಎಂದರು.

ಪರೀಕ್ಷೆಯಾಯಿತು. ಡಬ್ಬಿ ಬಿಚ್ಚಿ ನೋಡಿದರೆ ಮಾಲು ಅವರು ಕೇಳಿದ್ದಕ್ಕಿಂತ ಚೆನ್ನಾಗಿಯೇ ಒಣಗಿತ್ತು. ನೀರೂ ಇಲ್ಲ, ಬೂಷ್ಟೂ ಇಲ್ಲ. ಸುದ್ದಿ ಬಂದ ದಿನ ನಮ್ಮವರು ಹೊತ್ತು ಮುಳುಗುವ ಮೊದಲು ಕೂತು ಎರಡು ರೊಟ್ಟಿ ಹೆಚ್ಚು ತಿಂದರು. ನನಗೆ ಆದ ಹೆಮ್ಮೆಯನ್ನು ಮುಚ್ಚಿಡುವುದಿಲ್ಲ. ಜಗತ್ತಿನ ಪೇಟೆಯಲ್ಲಿ ಕಡಿಮೆ ಕೊಟ್ಟು ಸಿಕ್ಕಿಬಿದ್ದವರು ಬೇಕಾದಷ್ಟಿದ್ದಾರೆ. ಹೆಚ್ಚು ಕೊಟ್ಟು ಸಿಕ್ಕಿಬಿದ್ದದ್ದು ನಮ್ಮ ಮನೆತನ. ಊರಿನಲ್ಲೂ ಹಾರೂಗೇರಿಯ ನೆಂಟರಲ್ಲೂ ಇದನ್ನು ನಾನು ಎಷ್ಟು ಸಲ ಹೇಳಿದೆನೆಂದರೆ, ಈಗ ನಾನು ‘ಪೋ’ ಎನ್ನುವಷ್ಟರಲ್ಲಿ ಜನ ಚಪ್ಪಲಿ ಮೆಟ್ಟಿಕೊಳ್ಳುತ್ತಾರೆ.

ಅತ್ತೆಯವರಿಗೆ ಮಾತ್ರ ಪೋಲೆಂಡ್ ಅಂದಿನಿಂದ ಬೀಗರ ಊರಾಯಿತು. ಒಮ್ಮೆ ಅಥಣಿಗೆ ಹೋದಾಗ ಹಣ್ಣಿನ ಗಾಡಿಯಲ್ಲಿ ಕೆಂಪಗೆ ಹೊಳೆಯುವ ಸೇಬು ಕಂಡಿತು. ಮೇಲಿನ ಚೀಟಿ ಓದಿ, ಇದು ಪೋಲೆಂಡಿನದು ಎಂದೆ. ಕೊಡುವುದೂ ಉಂಟು, ತರುವುದೂ ಉಂಟು ಎಂದು ತಿಳಿದು ಅವರಿಗೆ ಬಹಳ ಸಂತೋಷವಾಯಿತು. ಒಂದು ಕಿಲೋ ತೂಗಿಸಿದರು, ಚೀಲಕ್ಕೆ ಹಾಕಿಸಿದರು, ಆದರೆ ಅಲ್ಲಿಂದ ಕದಲಲಿಲ್ಲ. “ಕೊಸರು?” ಎಂದರು. ಗಾಡಿಯವನು, “ಆಯಿ, ಇದು ಫಾರಿನ್ ಮಾಲ್ರಿ. ಇದಕ್ಕ ಕೊಸರ ಇಲ್ಲ” ಎಂದ. ಅತ್ತೆಯವರು ದಾರಿಯುದ್ದಕ್ಕೂ ಅದನ್ನೇ ಯೋಚಿಸಿ, ಬಸ್ಸಿನಲ್ಲಿ ಕೂತ ಮೇಲೆ ತೀರ್ಪು ಕೊಟ್ಟರು: “ಆ ಪಾವಲ್ಯಾ ಅಂಥಾವ ಅಲ್ಲ. ಅಂವ ಕಳಿಸಿರತಾನ. ನಡುವ ಯಾರೋ ತಿಂದಾರ.” ಆ ಸೇಬು ಪಾವೆಲ್ ಅವರದಲ್ಲ, ಅವರು ಬೇಕರಿಯವರು ಎಂದು ನಾನು ತಿಳಿಸಲು ಹೋಗಲಿಲ್ಲ. ಬೀಗರ ವಿಷಯದಲ್ಲಿ ಸೊಸೆ ಬಾಯಿ ಹಾಕಬಾರದು.

ಮರುವರ್ಷದ ಆರ್ಡರು ಬಂತು, ಹೋದ ಸಲಕ್ಕಿಂತ ದೊಡ್ಡದು. ಜೊತೆಗೆ ಒಂದೇ ಒಂದು ಷರತ್ತು: ಡಬ್ಬಿಯಲ್ಲಿ ಹತ್ತು ಕಿಲೋ ಎಂದರೆ ಹತ್ತೇ ಕಿಲೋ ಇರಬೇಕು. ಇದನ್ನು ಅತ್ತೆಯವರಿಗೆ ಹೇಗೆ ಹೇಳುವುದೆಂದು ಎರಡು ದಿನ ಒದ್ದಾಡಿದೆ. ಹೇಳಿದಾಗ ಅವರು ಸಿಟ್ಟಾಗಲಿಲ್ಲ, ಅದೇ ಕಷ್ಟವಾಯಿತು. “ಆತ ಬಿಡವಾ. ಬ್ಯಾಡ ಅನ್ನೂ ಬೀಗರಿಗೆ ಒತ್ತಾಯಾ ಮಾಡಿ ಬಡಸಾಕ ಬರೂದಿಲ್ಲ” ಎಂದು ಸ್ಟೂಲು ಬಿಟ್ಟು ಆರಿಸುವ ಹೆಂಗಸರ ನಡುವೆ ಹೋಗಿ ಕೂತರು. ಆ ಜಾಗದಲ್ಲಿ ನಾನು ಕೂತೆ. ಇಡೀ ಹಂಗಾಮು ಗಡಿ ಕಾಯುವ ಸಿಪಾಯಿಯಂತೆ ಕಾದೆ. ತೂಕಕ್ಕಿಂತ ಒಂದು ಕಾಳು ಹೆಚ್ಚು ಕಂಡರೆ ಹೆಕ್ಕಿ ತೆಗೆದೆ. ಹೆಂಗಸರು ನನ್ನ ಕಡೆ ನೋಡಿದ ನೋಟದಲ್ಲಿ ಗೌರವವಿತ್ತೆಂದು ಹೇಳಲಾರೆ. ಆದರೂ ಲಾರಿ ಹೊರಟಾಗ ನನಗೆ ಸಮಾಧಾನವಿತ್ತು. ಇದೇ ನಿಜವಾದ ರಫ್ತು, ಇದೇ ಅಂತರರಾಷ್ಟ್ರೀಯ ಮಟ್ಟ ಎಂದುಕೊಂಡೆ. ಇನ್ನು ಯಾರೂ ನಮ್ಮ ಮಾಲಿಗೆ ಬೆರಳು ತೋರಿಸುವ ಹಾಗಿಲ್ಲ.

ಹೋದ ವಾರ ಪಾವೆಲ್ ಅವರಿಂದ ಮೇಲ್ ಬಂದಿದೆ. ಮಾಲು ಸರಿಯಾಗಿ ಮುಟ್ಟಿದೆ, ತೂಕವೂ ಸರಿಯಾಗಿದೆ, ಆದರೆ ಬೇಕರಿಗಳಿಂದ ದೂರು ಬರುತ್ತಿದೆಯಂತೆ. ಕಳೆದ ಸಲ ಡಬ್ಬಿ ಬಿಚ್ಚಿದರೆ ಮುಚ್ಚಳದವರೆಗೆ ತುಂಬಿತ್ತು, ಈ ಸಲ ಕಡಿಮೆಯಿದೆ, ದಾರಿಯಲ್ಲಿ ಯಾರೋ ತೆಗೆದಿದ್ದಾರೆ ಎಂದು ಅವರ ಜನರ ವಾದ. ಪಾವೆಲ್ ತಾವೇ ಆ ಜನರ ಕಣ್ಣೆದುರು ತೂಗಿ ತೋರಿಸಿದರೂ, ತೂಕ ಸರಿ, ಆದರೆ ಕಡಿಮೆಯಿದೆ ಎನ್ನುತ್ತಾರಂತೆ. ಮುಂದಿನ ಸಲ ಕಾಗದಪತ್ರದ ವ್ಯವಸ್ಥೆ ನಾನೇ ನೋಡಿಕೊಳ್ಳುತ್ತೇನೆ, ದಯವಿಟ್ಟು ಮೊದಲಿನ ಹಾಗೇ ಕಳಿಸಿ, ಈ ಸಲ ಹೀಗೇಕಾಯಿತೆಂದು ಬೇಕರಿಯವರಿಗೆ ತೋರಿಸಲು ಎರಡು ಸಾಲು ಬರೆದುಕೊಡಿ ಎಂದು ಕೇಳಿದ್ದಾರೆ.

ಓದಿ ಹೇಳಿದೆ. ನಮ್ಮವರು ಎದ್ದು ತೋಟಕ್ಕೆ ಹೋದರು, ಬಳ್ಳಿಯ ಮುಂದೆ ನಗಲಿಕ್ಕೆ ಇರಬೇಕು. ಅತ್ತೆಯವರು ನಗಲಿಲ್ಲ, ಅವರ ಮುಖದಲ್ಲಿ ಗೆದ್ದ ಕಳೆಯೂ ಇರಲಿಲ್ಲ. “ಪಾಪ, ಅಷ್ಟ ಮಂದಿಗೆ ಬ್ಯಾಸರ ಆಗೇತಿ. ಲಗೂನ ಉತ್ತರಾ ಬರಿ” ಎಂದಷ್ಟೇ ಹೇಳಿ ಕೈ ತೊಳೆಯಲು ಹೋದರು. ನಾನು ಮೊಬೈಲ್ ಹಿಡಿದು ಕೂತು, ಬಹಳ ಹೊತ್ತು ತಿದ್ದಿ ತೀಡಿ, ನನಗೆ ಬರುವ ಇಂಗ್ಲಿಷಿನಲ್ಲೇ ಒಂದು ಸಾಲು ಬರೆದು ಕಳಿಸಿದೆ: ‘ಹತ್ತು ಕಿಲೋ ಎಂದು ಹೇಳಿ ಹತ್ತೇ ಕಿಲೋ ಕಳಿಸಿದ್ದಕ್ಕೆ ದಯವಿಟ್ಟು ಕ್ಷಮಿಸಿ, ಈ ಸಲ ಪ್ಯಾಕಿಂಗ್ ನನ್ನ ಮೇಲ್ವಿಚಾರಣೆಯಲ್ಲಿ ನಡೆದಿತ್ತು.’